ಟಿವಿ ಗೇಮ್ ಕೆಟ್ಟಾಗ: ಭೀಮಾ ತೀರದ ಒಂದು ರಿಪೇರಿ ಚರಿತ್ರೆ

ಆಲಮೇಲ, ಸಿಂದಗಿ, ಇಂಡಿ ಕಡೆಯ ಮನೆಗಳಿಗೆ ಟಿವಿ ಗೇಮ್ ಬಂದದ್ದು 1990ರ ದಶಕದಲ್ಲಿ. ಅದು ಕೆಟ್ಟರೆ ರಿಪೇರಿ ಮಾಡಿಸುವುದೋ, ಹೊಸದು ತರುವುದೋ ಎನ್ನುವ ತಕರಾರೂ ಅದರ ಬೆನ್ನಿಗೇ ಬಂತು. ಹುಡುಗರಿಗೆ ಹೊಸದು ಬೇಕು, ಅಪ್ಪನಿಗೆ ಹಳೆಯದೇ ಸಾಕು, ತಾಯಿಗೆ ಅದು ಕೆಟ್ಟೇ ಬಿದ್ದಿದ್ದರೆ ಒಳ್ಳೆಯದು. ಆದರೆ ಈ ಸೀಮೆಯಲ್ಲಿ ಪರದೆಯ ಪೆಟ್ಟಿಗೆ ಕೆಡುವ, ರಿಪೇರಿಯಾಗುವ ಕಥೆ ಇನ್ನೂ ಹಳೆಯದು. ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯ ಹಳ್ಳಿಗರು ಬೆಂಗಳೂರಿನವರಿಗಿಂತ ಮೊದಲೇ ಟಿವಿ ನೋಡಿದವರು.

1975ರ ಆಗಸ್ಟ್ 1ರಂದು ಇಸ್ರೊ ಮತ್ತು ಅಮೆರಿಕದ ನಾಸಾ ಸೇರಿ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ಆರಂಭಿಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದಕ್ಕೆ ಆಯ್ಕೆಯಾಗಿದ್ದವು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗ, ರಾಯಚೂರು. ಶಾಲೆಯ ಮೇಲೋ ಪಂಚಾಯ್ತಿ ಕಟ್ಟೆಯ ಪಕ್ಕದಲ್ಲೋ ಕೋಳಿಗೂಡಿಗೆ ಬಳಸುವ ತಂತಿ ಬಲೆಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ, ಕೆಳಗೆ ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯ ಕಪ್ಪು-ಬಿಳುಪು ಟಿವಿ. ಆಕಾಶದಲ್ಲಿ ಎಟಿಎಸ್-6 ಉಪಗ್ರಹ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಸ್ಟುಡಿಯೋದಲ್ಲಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1980ರ ದಶಕದಲ್ಲಿ.

ಟಿವಿ ಊರಿನದು, ಹೀಗಾಗಿ ಅದು ಕೆಟ್ಟರೆ ರಿಪೇರಿಯೋ ಬದಲಿಯೋ ಎಂದು ಯಾವ ಮನೆಯವರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಸೆಟ್ಟುಗಳನ್ನು ನಡೆಯುವ ಸ್ಥಿತಿಯಲ್ಲಿ ಇಡುವುದು ಪ್ರಯೋಗದ ಒಂದು ಭಾಗವೇ ಆಗಿತ್ತು. ಧೂಳು, ಬಿಸಿಲು, ಏರಿಳಿಯುವ ಕರೆಂಟು ಇರುವ ಹಳ್ಳಿಯಲ್ಲಿ ಎಲೆಕ್ಟ್ರಾನಿಕ್ ಯಂತ್ರ ಬಾಳುತ್ತದೆಯೇ ಎಂದು ನೋಡುವುದೂ ಆ ಎಂಜಿನಿಯರುಗಳ ಲೆಕ್ಕದಲ್ಲಿತ್ತು. ಕರೆಂಟೇ ಇಲ್ಲದ ಕೆಲವು ಕಡೆ ಬ್ಯಾಟರಿಯಿಂದ ಟಿವಿ ನಡೆಸಿದರು.

1976ರ ಜುಲೈ 31ಕ್ಕೆ ಒಂದು ವರ್ಷದ ಕರಾರು ಮುಗಿಯಿತು. ಉಪಗ್ರಹ ತನ್ನ ಜಾಗ ಬಿಟ್ಟು ಹೊರಟಿತು, ಸೆಟ್ಟುಗಳು ಮೂಕವಾದವು. ಅವುಗಳಲ್ಲಿ ಎಷ್ಟೋ ಕೆಟ್ಟಿರಲಿಲ್ಲ. ತೋರಿಸಲು ಮೇಲಿನಿಂದ ಏನೂ ಬರುತ್ತಿರಲಿಲ್ಲ, ಅಷ್ಟೆ. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಪ್ರಸಾರ ಕೇಂದ್ರ ಶುರುವಾದ ಮೇಲೆ ಈ ಭಾಗದಲ್ಲಿ ಟಿವಿಗೆ ಮತ್ತೆ ಜೀವ ಬಂತು. ಯಂತ್ರ ಸರಿಯಿದ್ದೂ ಅದು ನಿಂತುಹೋಗಬಹುದು ಎಂಬುದನ್ನು ಇಲ್ಲಿನವರು 1976ರಲ್ಲೇ ಕಂಡಿದ್ದರು. ಆಟದ ಯಂತ್ರಗಳನ್ನು ಮಾಡುವ ನಿಂಟೆಂಡೊ ಕಂಪನಿ 2023ರ ಮಾರ್ಚಿನಲ್ಲಿ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಗೆ ಬೀಗ ಹಾಕಿದಾಗ ಜಗತ್ತಿನ ಆಟಗಾರರು ಗೊಣಗಿದರು. ಬಿಜಾಪುರದ ಹಳ್ಳಿಗಳಿಗೆ ಅದು ಹೊಸ ಸುದ್ದಿಯಲ್ಲ.

ರಿಪೇರಿಯ ಅಸಲಿ ಕಸುಬು ಬೆಳೆದದ್ದು ರೇಡಿಯೋ ಅಂಗಡಿಗಳಲ್ಲಿ. ಧಾರವಾಡ ಆಕಾಶವಾಣಿ 1950ರಲ್ಲಿ, ಗುಲ್ಬರ್ಗದ್ದು 1966ರಲ್ಲಿ ಶುರುವಾದವು. ಆಗ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸ್ ಕಟ್ಟಬೇಕಿತ್ತು. ಅಷ್ಟು ಘನತೆಯ ಸಾಮಾನನ್ನು ಯಾರೂ ಎಸೆಯುತ್ತಿರಲಿಲ್ಲ. ವಾಲ್ವ್ ರೇಡಿಯೋ ಕೆಟ್ಟರೆ ಸುಟ್ಟ ವಾಲ್ವ್ ಕಿತ್ತು ಇನ್ನೊಂದು ಚುಚ್ಚುವುದು; ಟ್ರಾನ್ಸಿಸ್ಟರ್ ಬಂದ ಮೇಲೆ ಬೆಸುಗೆ ಕಡ್ಡಿ ಹಿಡಿದು ಒಂದೊಂದೇ ಬಿಡಿಭಾಗ ಬದಲಿಸುವುದು. ಸರ್ಕಾರಿ ಐಟಿಐಗಳಲ್ಲಿ ‘ರೇಡಿಯೋ ಮತ್ತು ಟಿವಿ ಮೆಕ್ಯಾನಿಕ್’ ಎಂಬ ಟ್ರೇಡೇ ಇತ್ತು. ಸಂತೆಯ ದಿನ ರೇಡಿಯೋ ಕೊಟ್ಟು ಮುಂದಿನ ಸಂತೆಗೆ ಒಯ್ಯುವುದು ವಾಡಿಕೆ. ಆ ಕಾಲದ ಯಂತ್ರದ ಹಿಂಬದಿ ಬಿಚ್ಚಿದರೆ ಏನು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಮೆಕ್ಯಾನಿಕ್ಕಿನ ವಿದ್ಯೆಯೆಲ್ಲ ನಿಂತಿದ್ದದ್ದು ಅದರ ಮೇಲೆ.

ಈ ಅಂಗಡಿಗಳ ಮೇಜಿನ ಮೇಲೆ ಒಂದು ದಿನ ಟಿವಿ ಗೇಮ್ ಬಂದು ಕುಳಿತಿತು.

ಅದರ ಮೂಲ ಜಪಾನಿನದು. ನಿಂಟೆಂಡೊದ ಎಂಜಿನಿಯರ್ ಮಸಯುಕಿ ಉಎಮುರಾ ರೂಪಿಸಿದ ‘ಫ್ಯಾಮಿಕಾಮ್’ 1983ರ ಜುಲೈ 15ರಂದು 14,800 ಯೆನ್ ಬೆಲೆಗೆ ಮಾರಾಟಕ್ಕೆ ಬಂತು. ಎರಡು ವರ್ಷದ ನಂತರ ಅಮೆರಿಕಕ್ಕೆ ಕಳಿಸಿದ ಮಾದರಿಯಲ್ಲಿ, ಬೇರೆಯವರು ಮಾಡಿದ ಕ್ಯಾಸೆಟ್ ನಡೆಯದಂತೆ ಒಂದು ಬೀಗದ ಚಿಪ್ ಇಟ್ಟರು. ಜಪಾನಿನ ಮಾದರಿಯಲ್ಲಿ ಆ ಬೀಗ ಇರಲಿಲ್ಲ. ತೈವಾನ್, ಚೀನಾದ ಕಾರ್ಖಾನೆಗಳಿಗೆ ಅಷ್ಟೇ ಸಾಕಾಯಿತು. ಅವರ ನಕಲು ಯಂತ್ರಗಳು ರಷ್ಯಾದಲ್ಲಿ ‘ಡೆಂಡಿ’ ಎಂದು, ಭಾರತದಲ್ಲಿ ‘ಸಾಮುರಾಯ್’, ‘ಲಿಟಲ್ ಮಾಸ್ಟರ್’, ‘ಮೀಡಿಯಾ’ ಎಂದೆಲ್ಲ ಮಾರಾಟವಾದವು. ಹಳದಿ ಕ್ಯಾಸೆಟ್ಟಿನ ಮೇಲೆ ‘9999 ಆಟ’ ಎಂದು ಬರೆದಿರುತ್ತಿತ್ತು. ಒಳಗೆ ಇರುವುದು ಹತ್ತಾರೇ, ಉಳಿದದ್ದೆಲ್ಲ ಹೆಸರು ಬದಲಿಸಿದ ಅದೇ ಆಟ. ಮಾರಿಯೊ, ಕಾಂಟ್ರಾ, ಟ್ಯಾಂಕಿನ ಆಟ, ಬಾತುಕೋಳಿ ಹೊಡೆಯುವ ಬಂದೂಕು.

ಅಸಲಿ ಯಂತ್ರ ಬೇಕೆನ್ನುವವರಿಗೂ ದಾರಿಯಿತ್ತು, ದುಬಾರಿ ದಾರಿ. 1995ರಲ್ಲಿ ಸೆಗಾ ಕಂಪನಿ ಶಾ ವ್ಯಾಲೇಸ್ ಮೂಲಕ ತನ್ನ ಮೆಗಾ ಡ್ರೈವ್ ಯಂತ್ರವನ್ನು ಭಾರತಕ್ಕೆ ತಂದಿತು. ಬೆಲೆ 18,000 ರೂಪಾಯಿ! ಆಮದು ಸುಂಕ ಶೇ 80ರಷ್ಟಿದ್ದ ಕಾಲ ಅದು. ಒಣಬೇಸಾಯದ ಬಿಳಿಜೋಳದ ಸೀಮೆಯಲ್ಲಿ ಆ ದುಡ್ಡಿಗೆ ಏನೇನು ಬರುತ್ತಿತ್ತೋ ಓದುಗರೇ ಲೆಕ್ಕ ಹಾಕಲಿ. ಹಾಗಾಗಿ ವಿಜಯಪುರ, ಸೊಲ್ಲಾಪುರದ ಪೇಟೆಯಿಂದ ಕೆಲವೇ ನೂರು ರೂಪಾಯಿಗೆ ಬರುವ ನಕಲಿಯೇ ಇಲ್ಲಿ ಗೆದ್ದಿತು.

ಈ ನಕಲಿಯ ಕಾಯಿಲೆಗಳು ಎಣಿಸಿದಷ್ಟೇ. ಮೊದಲು ಸಾಯುವುದು 9 ವೋಲ್ಟಿನ ಅಡಾಪ್ಟರ್. ಹಳ್ಳಿಯ ಲೈನಿನಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ನಿಂತರೆ ವೋಲ್ಟೇಜ್ ಜಿಗಿಯುತ್ತದೆ, ಅಡಾಪ್ಟರಿನ ಸುರುಳಿ ಸುಡುತ್ತದೆ. ಎರಡನೆಯದು 7805 ಎಂಬ ಮೂರು ಕಾಲಿನ ಬಿಡಿಭಾಗ. 9 ವೋಲ್ಟನ್ನು 5ಕ್ಕೆ ಇಳಿಸುವ ಕೆಲಸ ಅದರದು, ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಅದಕ್ಕೂ ಜೀವ ಭಾರ. ಹೊಸದಕ್ಕೆ ಕೆಲವೇ ರೂಪಾಯಿ, ಬೆಸುಗೆ ಐದು ನಿಮಿಷದ್ದು. ಮೂರನೆಯದು ಕಂಟ್ರೋಲರ್: ತಂತಿ ಪ್ಲಗ್ಗಿನ ಬಳಿ ತುಂಡಾಗುವುದು, ಇಲ್ಲವೇ ಗುಂಡಿಯ ಕೆಳಗಿನ ರಬ್ಬರಿನ ಕರಿ ಸವೆಯುವುದು. ಸವೆದಲ್ಲಿ ಕೆಲವರು ಪೆನ್ಸಿಲಿನ ಕಡ್ಡಿ ತಿಕ್ಕುತ್ತಿದ್ದರು. ಗ್ರಾಫೈಟ್ ವಿದ್ಯುತ್ ಹರಿಸುವುದರಿಂದ ಅದು ನಾಲ್ಕು ದಿನ ನಡೆಯುತ್ತಿತ್ತು ಕೂಡ.

ಕ್ಯಾಸೆಟ್ಟಿಗೆ ಬಾಯಿಂದ ಊದುವ ವಿದ್ಯೆಯಂತೂ ಜಗತ್ತಿನಾದ್ಯಂತ ಒಂದೇ. ಅಸಲಿಗೆ ಕೆಲಸ ಮಾಡುತ್ತಿದ್ದದ್ದು ಕ್ಯಾಸೆಟ್ ತೆಗೆದು ಮತ್ತೆ ಕೂರಿಸುವುದು. ಉಗುಳಿನ ತೇವಕ್ಕೆ ತಾಮ್ರದ ಪಟ್ಟಿಗಳು ಕಿಲುಬುಗಟ್ಟುತ್ತಿದ್ದವು, ಅಷ್ಟೆ. ನಿಂಟೆಂಡೊ ಕಂಪನಿಯೇ ಊದಬೇಡಿ ಎಂದು ಎಚ್ಚರಿಸಿತ್ತು. ಎರೆಮಣ್ಣಿನ ಧೂಳು ಹೊಕ್ಕ ಕ್ಯಾಸೆಟ್ಟಿಗೆ ಸ್ಪಿರಿಟ್ ಅದ್ದಿದ ಹತ್ತಿಯೇ ಮದ್ದು.

ಇಷ್ಟರ ತನಕ ರೇಡಿಯೋ ಮೆಕ್ಯಾನಿಕ್ಕಿನ ವಿದ್ಯೆ ಸಾಕಾಗುತ್ತಿತ್ತು. ಅದರಾಚೆ ಒಂದು ಗೋಡೆ. 1990ರ ದಶಕ ಮುಗಿಯುವ ಹೊತ್ತಿಗೆ ಫ್ಯಾಮಿಕಾಮಿನ ಬೇರೆ ಬೇರೆ ಚಿಪ್‌ಗಳ ಕೆಲಸವನ್ನೆಲ್ಲ ಒಂದೇ ಸಿಲಿಕಾನ್ ತುಣುಕಿಗೆ ತುಂಬಿ, ಅದನ್ನು ನೇರ ಬೋರ್ಡಿಗೆ ಅಂಟಿಸಿ, ಮೇಲೆ ಕಪ್ಪು ಎಪಾಕ್ಸಿ ಸುರಿದುಬಿಡುತ್ತಿದ್ದರು. ಬೋರ್ಡಿನ ನಡುವೆ ಡಾಂಬರಿನ ಹನಿ ಬಿದ್ದ ಹಾಗೆ ಒಂದು ಉಬ್ಬು. ಅದಕ್ಕೆ ಕಾಲಿಲ್ಲ, ನಂಬರಿಲ್ಲ, ಕಿತ್ತು ತೆಗೆಯುವ ಹಾಗಿಲ್ಲ. ಕೆಟ್ಟದ್ದು ಆ ಹನಿಯ ಒಳಗೆ ಎಂದಾದರೆ “ಐಸಿ ಹೋಗೇತ್ರಿ, ಹೊಸಾದು ತಗೊಂಡ್ಬಿಡ್ರಿ” ಎನ್ನುವುದಷ್ಟೇ ಅಂಗಡಿಯವರಿಗೆ ಉಳಿದ ಮಾತು. ರಿಪೇರಿಯೋ ಹೊಸದೋ ಎಂಬ ಪ್ರಶ್ನೆಗೆ ಉತ್ತರ ಯಂತ್ರ ಕಾರ್ಖಾನೆ ಬಿಡುವ ಮೊದಲೇ ಬರೆದಾಗಿತ್ತು. ಗ್ರಾಹಕರಲ್ಲಿ ಉಳಿಸುವ ಬುದ್ಧಿ ಕಡಿಮೆಯಾಯಿತು, ಎಸೆಯುವ ಚಟ ಬಂತು ಎಂದು ಹಿರಿಯರು ದೂರುವುದುಂಟು. ಆ ದೂರು ಅರ್ಧ ಸತ್ಯ. ಬಿಚ್ಚಲು ಬರುವ ಯಂತ್ರ ಕೊಟ್ಟಷ್ಟು ದಿನ ಇಲ್ಲಿನವರು ಬಿಚ್ಚಿದರು.

ಮನೆಯಲ್ಲಿ ಯಂತ್ರವಿಲ್ಲದ ಹುಡುಗರಿಗೆ ಕಾಯಿನ್ ಹಾಕಿ ಆಡುವ ವಿಡಿಯೋ ಗೇಮ್ ಪಾರ್ಲರ್ ಇತ್ತು. ಕ್ಯಾಪ್ಕಾಮ್ ಕಂಪನಿ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಆಟವನ್ನು ದೇಶದ ತುಂಬ ‘ಮುಸ್ತಫಾ’ ಎಂದೇ ಕರೆದರು. ಅದರ ನಾಯಕರಲ್ಲಿ ಒಬ್ಬನ ಹೆಸರು ಮುಸ್ತಫಾ. ಆ ಆಟದ ಅಸಲಿ ಬೋರ್ಡಿನಲ್ಲಿ ಒಂದು ಸಣ್ಣ ಬ್ಯಾಟರಿ ಇದೆ. ಅದು ತೀರಿದರೆ ಚಿಪ್ಪಿನ ಒಳಗಿನ ಗುಪ್ತ ಕೀಲಿ ಅಳಿದು ಆಟವೇ ಕೆಡುತ್ತದೆ. ಸಂಗ್ರಾಹಕರು ಅದಕ್ಕೆ ಆತ್ಮಹತ್ಯೆಯ ಬ್ಯಾಟರಿ ಎಂದೇ ಹೆಸರಿಟ್ಟಿದ್ದಾರೆ. ನಕಲಿ ಬೋರ್ಡಿಗೆ ಈ ಕಾಟ ಇರಲಿಲ್ಲ. ಕಳ್ಳಮಾಲು ಅಸಲಿಗಿಂತ ಗಟ್ಟಿಯಾದ ಅಪರೂಪದ ಪ್ರಸಂಗ ಇದು.

ಅಸಲಿ ಫ್ಯಾಮಿಕಾಮಿನ ಕಥೆ ಮುಗಿದದ್ದು ಬೇರೆ ರೀತಿ. ನಿಂಟೆಂಡೊ 2003ರಲ್ಲಿ ಅದರ ತಯಾರಿಕೆ ನಿಲ್ಲಿಸಿತು. ರಿಪೇರಿಯನ್ನು ಮಾತ್ರ 2007ರ ಅಕ್ಟೋಬರ್ 31ರ ತನಕ ನಡೆಸಿ, ಬಿಡಿಭಾಗ ಸಿಗುತ್ತಿಲ್ಲ ಎಂದು ಕೈಬಿಟ್ಟಿತು. ಇಪ್ಪತ್ತನಾಲ್ಕು ವರ್ಷ ರಿಪೇರಿ ಮಾಡಿಕೊಟ್ಟ ಕಂಪನಿ! ಇಂದಿನ ಯಾವ ಮೊಬೈಲಿಗೆ ಆ ಭಾಗ್ಯ?

ಅದೇ 2007ರಲ್ಲಿ ಇನ್ನೊಂದು ಕಂಪನಿ ರಿಪೇರಿಯ ಬಿಸಿ ಅನುಭವಿಸುತ್ತಿತ್ತು. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಭಾರತಕ್ಕೆ ಬಂದದ್ದು 2006ರಲ್ಲಿ. ಅದರ ಮುಖದ ಮೇಲೆ ಮೂರು ಕೆಂಪು ದೀಪ ಹೊತ್ತಿದರೆ ಯಂತ್ರ ಸತ್ತಂತೆ. ಗ್ರಾಫಿಕ್ಸ್ ಚಿಪ್ ಕಾದು ಆರಿ ಕಾದು ಆರಿ, ಅದರೊಳಗಿನ ಸಣ್ಣ ಸಂಪರ್ಕಗಳು ಬಿರಿಯುತ್ತಿದ್ದವು. 2007ರ ಜುಲೈನಲ್ಲಿ ಕಂಪನಿ ವಾರಂಟಿಯನ್ನು ಮೂರು ವರ್ಷಕ್ಕೆ ಹೆಚ್ಚಿಸಿ, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಮಿಗಿಲಾದ ಮೊತ್ತ ತೆಗೆದಿಟ್ಟಿತು. ಸೋನಿಯ ಪ್ಲೇಸ್ಟೇಷನ್ 3ಕ್ಕೆ ಹಳದಿ ದೀಪದ ರೋಗ. ವಾರಂಟಿ ತೀರಿದವರು ಬೆಂಗಳೂರಿನ ಎಸ್.ಪಿ. ರಸ್ತೆ, ನ್ಯಾಷನಲ್ ಮಾರ್ಕೆಟ್ ಕಡೆ ಹೋಗಿ ಬಿಸಿಗಾಳಿಯ ಗನ್ ಹಿಡಿಸಿ ಚಿಪ್ ಕಾಯಿಸಿಕೊಂಡು ಬರುತ್ತಿದ್ದರು. ಕಾಯಿಸಿದ ಯಂತ್ರ ಹೊತ್ತಿಕೊಳ್ಳುತ್ತದೆ ನಿಜ, ಬಹಳ ದಿನ ಬಾಳುವುದಿಲ್ಲ.

ಬಿಸಿಗಾಳಿಯ ಗನ್ ಇವತ್ತು ಆಲಮೇಲದಂಥ ಊರಿನ ಮೊಬೈಲ್ ಅಂಗಡಿಗಳಲ್ಲೂ ಉಂಟು. ರೇಡಿಯೋ ಮೆಕ್ಯಾನಿಕ್ಕಿನ ಜಾಗಕ್ಕೆ ಮೊಬೈಲ್ ರಿಪೇರಿಯವರು ಬಂದಿದ್ದಾರೆ. ಸಿಂದಗಿ ತಾಲ್ಲೂಕಿನಿಂದ ಬೇರೆಯಾಗಿ ಆಲಮೇಲ ತಾಲ್ಲೂಕು ಕೇಂದ್ರವಾದ ಈ ವರ್ಷಗಳಲ್ಲಿ ಹುಡುಗರ ಆಟವೆಲ್ಲ ಮೊಬೈಲಿಗೇ ಸರಿದಿದೆ. ಟಿವಿಗೆ ಚುಚ್ಚುವ ಯಂತ್ರ ಇಟ್ಟುಕೊಂಡವರು ಕಡಿಮೆ. ಇದ್ದವರ ಕಷ್ಟ ಈಗ ಬೇರೆ ತರಹದ್ದು. ಹೆಚ್ಚಿನ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳ ಡಿಸ್ಕ್ ಡ್ರೈವ್ ಅದೇ ಯಂತ್ರದ ಬೋರ್ಡಿಗೆ ಜೋಡಿಯಾಗಿರುತ್ತದೆ. ಇನ್ನೊಂದು ಯಂತ್ರದ ಡ್ರೈವ್ ಕಿತ್ತು ಹಾಕಿದರೆ ನಡೆಯುವುದಿಲ್ಲ. ಈ ಡ್ರೈವ್ ರಿಪೇರಿಗೆಂದು ಬೀಗ ಮುರಿದರೆ ಅಪರಾಧವಲ್ಲ ಎಂದು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2021ರಲ್ಲಿ ಹೇಳಬೇಕಾಯಿತು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕಿ’ಗಾಗಿ ಸಮಿತಿ ಮಾಡಿ, ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವಿಡಿಯೋ ಗೇಮುಗಳೂ ಇವೆ. ಕಾಗದದ ಮೇಲೆ ಇಷ್ಟಾದರೂ ಬಂದದ್ದು ಒಳ್ಳೆಯದೇ; ಬಿಡಿಭಾಗ ಸಿಂದಗಿಯ ತನಕ ಬಂದಾಗ ಅದಕ್ಕೆ ಬೆಲೆ.

ಹಾಗಾದರೆ ಕೆಟ್ಟ ಯಂತ್ರ ಮನೆಯಲ್ಲಿ ಇರುವವರು ಏನು ಮಾಡಬೇಕು? ಟಿವಿಗೆ ತಂತಿ ಚುಚ್ಚುವ ಎಚ್‌ಡಿಎಂಐ ಬಾಯಿ ಮುರಿದಿದ್ದರೆ, ಫ್ಯಾನಿಗೆ ಧೂಳು ಕಟ್ಟಿದ್ದರೆ, ಕಂಟ್ರೋಲರಿನ ಕಡ್ಡಿ ತಾನಾಗಿ ಓಡುತ್ತಿದ್ದರೆ, ಪವರ್ ಸಪ್ಲೈ ಸುಟ್ಟಿದ್ದರೆ ಕಣ್ಣು ಮುಚ್ಚಿ ರಿಪೇರಿ ಮಾಡಿಸಬಹುದು. ಮುಖ್ಯ ಚಿಪ್ಪಿನ ಬೆಸುಗೆ ಹೋಗಿದ್ದರೆ ಅದರ ಮೇಲೆ ದುಡ್ಡು ಸುರಿಯಬಾರದು. ಪ್ಲೇಸ್ಟೇಷನ್ 5ರ ಚಿಪ್ಪಿನ ಮೇಲೆ ದ್ರವ ಲೋಹ ಇರುವುದರಿಂದ, ಅದು ಚೆಲ್ಲಿದರೆ ಬೋರ್ಡ್ ಶಾರ್ಟ್ ಆಗುತ್ತದೆ. ಅನುಭವ ಇಲ್ಲದವರ ಕೈಗೆ ಅದನ್ನು ಕೊಡಬೇಡಿ. ರಿಪೇರಿಯ ಖರ್ಚನ್ನು ಹೊಸ ಯಂತ್ರದ ಬೆಲೆಗಲ್ಲ, ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಬೆಲೆಗೆ ಹೋಲಿಸಿ ನೋಡಿ. ಕೊನೆಗೆ ಹೊಸದೇ ತಂದರೂ ಹಳೆಯದನ್ನು ಗುಜರಿಗೆ ತೂಕ ಹಾಕಬೇಡಿ: ತಾಮ್ರಕ್ಕಾಗಿ ತಂತಿ ಸುಟ್ಟ ಹೊಗೆ ಊರಿನವರ ಮೂಗಿಗೇ ಬರುತ್ತದೆ. ಅಡಾಪ್ಟರ್, ಫ್ಯಾನ್, ಕಂಟ್ರೋಲರುಗಳನ್ನು ಬಿಚ್ಚಿ ರಿಪೇರಿ ಅಂಗಡಿಗೆ ಕೊಟ್ಟರೆ ಇನ್ನೊಬ್ಬರ ಯಂತ್ರ ಅದರಿಂದ ನಡೆಯುತ್ತದೆ.