ಗ್ಯಾಸ್ ಬಿಟ್ಟು ಕರೆಂಟ್‌ನಲ್ಲಿ ಬಿಸಿ ಮಾಡಿದರೆ ಪರಿಸರಕ್ಕೆ ನಿಜವಾಗಿಯೂ ಲಾಭವೇ?

"ಕರೆಂಟ್ ಬರೋದೂ ಕಲ್ಲಿದ್ದಲಿನಿಂದಲೇ. ಹೊಗೆ ಮನೆಯಿಂದ ಪವರ್ ಪ್ಲಾಂಟ್‌ಗೆ ಹೋಗುತ್ತೆ, ಅಷ್ಟೇ ವ್ಯತ್ಯಾಸ." ಎಲೆಕ್ಟ್ರಿಕ್ ಹೀಟಿಂಗ್ ಬಗ್ಗೆ ಹೀಗೆ ಹೇಳುವವರು ಬಹಳ. ಇದರಲ್ಲಿ ಅರ್ಧ ಮಾತ್ರ ನಿಜ.

ಮೊದಲು ಚಳಿ ದೇಶವೊಂದನ್ನು ನೋಡೋಣ. ಬ್ರಿಟನ್ನಿನ ಬಹುಪಾಲು ಮನೆಗಳು ಬೆಚ್ಚಗಿರುವುದು ಗ್ಯಾಸ್ ಬಾಯ್ಲರ್‌ನಿಂದ. ಕರೆಂಟ್ ಬಿಲ್ಲಿನ 1 ಯೂನಿಟ್‌ನಷ್ಟು ಶಾಖ ಕೊಡಲು ಅದು ಸುಮಾರು 220 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅಲ್ಲಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಈಗ ಅಲ್ಲಿನ 1 ಯೂನಿಟ್ ಕರೆಂಟ್‌ಗೆ ಸರಾಸರಿ 150 ಗ್ರಾಂಗಿಂತ ಕಡಿಮೆ. ಹಾಗಾಗಿ ಸಾದಾ ಕಾಯಿಲ್ ಹೀಟರ್ ಕೂಡ ಗ್ಯಾಸ್‌ಗಿಂತ ವಾಸಿ. (ಬಿಲ್ ಮಾತ್ರ ಕೇಳಬೇಡಿ!)

ಆದರೆ ಅಸಲಿ ಲಾಭ ಇರುವುದು ಹೀಟ್ ಪಂಪ್‌ನಲ್ಲಿ. ಫ್ರಿಜ್ ತನ್ನೊಳಗಿನ ಶಾಖವನ್ನು ಹೊರಗೆ ತಳ್ಳುತ್ತದಲ್ಲ, ಅದೇ ಕೆಲಸವನ್ನು ಇದು ತಿರುಗಿಸಿ ಮಾಡುತ್ತದೆ: ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ಮನೆಯೊಳಗೆ ತರುತ್ತದೆ. ಶಾಖವನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಸಾಗಿಸುತ್ತದೆ ಅಷ್ಟೇ. ಅದಕ್ಕೇ 1 ಯೂನಿಟ್ ಕರೆಂಟ್‌ಗೆ ಸುಮಾರು 3 ಯೂನಿಟ್ ಶಾಖ ಸಿಗುತ್ತದೆ. ಹಿಮ ಬೀಳುವ ಕಡೆ ಇದು ನಡೆಯಲ್ಲ ಅನ್ನುವುದೂ ಸುಳ್ಳು. ನಾರ್ವೆಯಲ್ಲಿ 100 ಮನೆಗೆ ಸುಮಾರು 60 ಹೀಟ್ ಪಂಪ್‌ಗಳಿವೆ. ಕಟ್ಟಡಗಳನ್ನು ಬಿಸಿ ಮಾಡಲು ಖನಿಜ ತೈಲ ಉರಿಸುವುದನ್ನು ಆ ದೇಶ 2020ರಿಂದ ನಿಷೇಧಿಸಿದೆ.

ಇನ್ನು ನಮ್ಮ ಕಡೆ. ನಮಗೆ ಬಿಸಿ ಬೇಕಿರುವುದು ಮನೆಗಲ್ಲ, ಸ್ನಾನದ ನೀರಿಗೆ. ಭಾರತದ ಗ್ರಿಡ್‌ನಲ್ಲಿ ಕಲ್ಲಿದ್ದಲಿನದೇ ದೊಡ್ಡ ಪಾಲು, 1 ಯೂನಿಟ್‌ಗೆ ಸುಮಾರು 700 ಗ್ರಾಂ. ಸಾದಾ ಗೀಸರ್ ಆಗಲಿ, ಬಕೆಟ್‌ಗೆ ಇಳಿಬಿಡುವ ರಾಡ್ ಆಗಲಿ, ಅಷ್ಟನ್ನೂ ಹೊರಗೆ ಬಿಡಿಸುತ್ತದೆ. ಗ್ಯಾಸ್ ಗೀಸರ್‌ನದು ಸುಮಾರು 270 ಗ್ರಾಂ. ಅಂದರೆ ಇಲ್ಲಿ ಆ ಸಂದೇಶದ ಮಾತಿಗೆ ಬಲವಿದೆ, ಕಾಯಿಲ್‌ನ ಮಟ್ಟಿಗೆ. ಹೀಟ್ ಪಂಪ್ ಗೀಸರ್ ಹಾಕಿದರೆ ಅದೇ ಕಲ್ಲಿದ್ದಲಿನ ಕರೆಂಟ್‌ನಲ್ಲೂ ಲೆಕ್ಕ 240 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಗ್ರಿಡ್‌ಗೆ ಸೋಲಾರ್, ಗಾಳಿ ವಿದ್ಯುತ್ ಸೇರಿದಷ್ಟೂ ತಾನಾಗಿಯೇ ಇನ್ನೂ ಇಳಿಯುತ್ತದೆ. ಗ್ಯಾಸ್ ಗೀಸರ್‌ಗೆ ಆ ಅವಕಾಶವಿಲ್ಲ. ತಾರಸಿಯ ಸೋಲಾರ್ ಹೀಟರ್ ಬಿಸಿಲಿದ್ದ ದಿನ ಇವೆಲ್ಲವನ್ನೂ ಮೀರಿಸುತ್ತದೆ.

ಗ್ಯಾಸ್ ಗೀಸರ್ ಇಟ್ಟುಕೊಂಡಿದ್ದರೆ ಒಂದು ಮಾತು. ಗಾಳಿಯಾಡದ ಬಚ್ಚಲುಮನೆಯಲ್ಲಿ ಅದು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಗಳೂರಿನಲ್ಲೇ ಜೀವ ಹೋದ ಪ್ರಕರಣಗಳಿವೆ. ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ.