ಚಿಪ್ ಬದಲಾದರೆ ಪಹಣಿ ಏನಾಗಬೇಕು?

ನಂಜನಗೂಡು, ತಿ. ನರಸೀಪುರದ ಕಡೆಯ ರೈತನಿಗೆ ಕಂಪ್ಯೂಟರ್ ಎಂದರೆ ನೆನಪಾಗುವುದು ತಾಲೂಕು ಕಚೇರಿಯ ಪಹಣಿ. 'ಭೂಮಿ' ಯೋಜನೆಯಡಿ 2002ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಬಂದವು. ಅದರೊಳಗಿನ ಪ್ರೊಸೆಸರ್ ಯಾವುದೆಂದು ರೈತ ಕೇಳುವುದಿಲ್ಲ. ಆದರೆ ಕಂಪ್ಯೂಟರ್ ತಯಾರಕರು ಪ್ರೊಸೆಸರಿನ ಜಾತಿಯನ್ನೇ ಬದಲಿಸಿದರೆ ಅದರ ಬಿಸಿ ಅವನಿಗೂ ತಟ್ಟಬಹುದು.

ಪ್ರತಿಯೊಂದು ಜಾತಿಯ ಪ್ರೊಸೆಸರಿಗೂ ಅದರದೇ ಆದ ಆದೇಶಭಾಷೆ ಇದೆ. ಒಂದಕ್ಕೆ ಬರೆದ ತಂತ್ರಾಂಶ ಇನ್ನೊಂದಕ್ಕೆ ಅರ್ಥವಾಗದು. ಚಿಪ್ ಕೂರುವ ಸರ್ಕಿಟ್ ಬೋರ್ಡನ್ನೂ ಹೊಸದಾಗಿ ವಿನ್ಯಾಸಗೊಳಿಸಬೇಕು. ಇಂಥ ಬೋರ್ಡುಗಳ ಉದ್ಯಮ ನಂಜನಗೂಡಿಗೆ ಹೊಸತಲ್ಲ. ಅಲ್ಲಿದ್ದ ಇಂಡಾಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪೆನಿ 1999ರಲ್ಲಿ ಕೊಂಡಿತು. ಬೋರ್ಡನ್ನು ಹಣ ಕೊಟ್ಟು ಬದಲಿಸಬಹುದು. ಜನರು ವರ್ಷಗಟ್ಟಲೆ ಕೂಡಿಟ್ಟ ಕೆಲಸವನ್ನು ಹಾಗೆ ಬದಲಿಸಲಾಗದು.

ಆಪಲ್ ಕಂಪೆನಿ ಇದನ್ನು ಅರಿತಿತ್ತು. 1994ರಲ್ಲಿ ಮೊಟೊರೊಲಾ 68000 ಸರಣಿಯಿಂದ ಪವರ್‌ಪಿಸಿಗೆ, 2006ರಲ್ಲಿ ಇಂಟೆಲ್‌ಗೆ, 2020ರಲ್ಲಿ ಆರ್ಮ್ ಮಾದರಿಯ ಸ್ವಂತ ಚಿಪ್ಪಿಗೆ ಅದು ಬದಲಾಯಿತು. ಪ್ರತಿ ಸಲವೂ ಹಳೆಯ ತಂತ್ರಾಂಶವನ್ನು ಹೊಸ ಚಿಪ್ಪಿಗೆ ಅರ್ಥಮಾಡಿಸುವ 'ದುಭಾಷಿ'ಯನ್ನು ಜೊತೆಗೆ ಕೊಟ್ಟಿತು. ಇದಕ್ಕೆ ವಿರುದ್ಧವಾದ ಪಾಠ ಇಂಟೆಲ್‌ನದ್ದು. 2001ರಲ್ಲಿ ಬಂದ ಅದರ ಇಟಾನಿಯಂನಲ್ಲಿ ಹಳೆಯ ತಂತ್ರಾಂಶ ತೆವಳುತ್ತಿತ್ತು. ಹಳೆಯ ಭಾಷೆಯನ್ನೇ ವಿಸ್ತರಿಸಿದ ಎಎಂಡಿಯ ಚಿಪ್ 2003ರಲ್ಲಿ ಬಂದು ಗೆದ್ದಿತು. ಗ್ರಾಹಕರಿಲ್ಲದೆ ಸೊರಗಿದ ಇಟಾನಿಯಂ 2021ರಲ್ಲಿ ಕೊನೆಗೊಂಡಿತು.

ನಮ್ಮ ರಾಜ್ಯದಲ್ಲೂ ಒಂದು ಪ್ರಯೋಗ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಬೆಂಗಳೂರಿನ ಎನ್‌ಕೋರ್ ಕಂಪೆನಿಯ ಎಂಜಿನಿಯರುಗಳು 2001ರಲ್ಲಿ 'ಸಿಂಪ್ಯೂಟರ್' ಎಂಬ ಅಂಗೈ ಕಂಪ್ಯೂಟರನ್ನು ಜನರ ಮುಂದಿಟ್ಟರು. ಮೇಜಿನ ಕಂಪ್ಯೂಟರುಗಳ ಚಿಪ್ಪನ್ನು ಬಿಟ್ಟು, ಕಡಿಮೆ ವಿದ್ಯುತ್ ಸಾಕೆನ್ನುವ ಸ್ಟ್ರಾಂಗ್‌ಆರ್ಮ್ ಚಿಪ್ಪನ್ನು ಅವರು ಆರಿಸಿದ್ದರು. ಕನ್ನಡವನ್ನು ಓದಿ ಹೇಳುವ ತಂತ್ರಾಂಶವೂ ಅದಕ್ಕಾಗಿ ಸಿದ್ಧವಾಯಿತು. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ಚಿಪ್ಪಿನ ಆಯ್ಕೆ ತಪ್ಪಾಗಿರಲಿಲ್ಲ. ಇಂದು ನಮ್ಮೆಲ್ಲರ ಮೊಬೈಲಿನಲ್ಲಿರುವುದು ಬಹುತೇಕ ಅದೇ ಆರ್ಮ್ ವಂಶದ ಚಿಪ್.

ಹಾಗಾದರೆ ತಯಾರಕರು ಬದಲಾಗಬೇಕೆ? ವಿದ್ಯುತ್ ಉಳಿಯುವುದಾದರೆ, ಬೆಲೆ ಇಳಿಯುವುದಾದರೆ, ಒಂದೇ ಕಂಪೆನಿಯ ಹಂಗು ತಪ್ಪುವುದಾದರೆ ಖಂಡಿತ ಬದಲಾಗಲಿ. ಆದರೆ ಹಳೆಯದನ್ನು ದಾಟಿಸುವ ಹೊಣೆಯನ್ನು ಬಳಕೆದಾರನ ತಲೆಗೆ ಕಟ್ಟಬಾರದು. ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಮುಂದೆ ಹೆಸರು ಬೇರೆಯಾದರೂ ನೀರು ನಷ್ಟವಾಗುವುದಿಲ್ಲ. ಚಿಪ್ ಬದಲಾವಣೆಯೂ ಹಾಗಿರಬೇಕು. ರೈತನ ಪಹಣಿ ನಾಳೆಯೂ ತೆರೆದುಕೊಳ್ಳಬೇಕು.