ಹಬ್ಬದೂಟದ ಹಿತಮಿತ

ಹಬ್ಬಗಳ ಸಾಲು ಬಂದೊಡನೆ ಊಟದ ಹಿತಮಿತಗಳನ್ನು ಕುರಿತ ಉಪದೇಶಗಳೂ ಬರುವುವು. ಕರಿದುದನ್ನು ಬಿಡಿರಿ, ಸಿಹಿಯನ್ನು ಕಡಮೆ ಮಾಡಿರಿ ಎಂಬುದು ವೈದ್ಯರ ಮಾತು, ಅದು ಯುಕ್ತವಾದುದೇ. ಆದರೆ ನಮ್ಮ ಹಿರಿಯರು ಹಬ್ಬದೂಟಕ್ಕೆ ಎಂತಹ ಎಲ್ಲೆಯನ್ನು ಕಟ್ಟಿದ್ದರೆಂಬುದನ್ನು ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸುವುದೇ ನಮ್ಮ ಇಂದಿನ ಉದ್ದೇಶ.

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರಗಳ ಸೀಮೆಯನ್ನೇ ತೆಗೆದುಕೊಳ್ಳೋಣ. ಘೋಣಸಗಿ ಈ ಸೀಮೆಯ ಒಂದು ಹಳ್ಳಿ. ಇಂದು ಇತ್ತ ದ್ರಾಕ್ಷಿಯ ತೋಟಗಳೂ ಎದ್ದಿವೆ. ಆದರೆ ಈ ನಾಡಿನ ಹಳೆಯ ಅನ್ನ ಹಿಂಗಾರಿ ಜೋಳ. ಮಾರ್ಗಶಿರದ ಕೊನೆಗೆ ಎಳ್ಳಮಾವಾಸ್ಯೆ ಬರುವಾಗ ಪೈರು ಹೊಲದಲ್ಲಿ ನಿಂತಿರುತ್ತದೆ. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಪೈರಿಗೆ ಚರಗ ಚೆಲ್ಲಿ, ನೆಂಟರಿಷ್ಟರೊಡನೆ ಉಣ್ಣುತ್ತಾರೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಾಳುಸೊಪ್ಪುಗಳ ಭಜ್ಜಿ, ಬದನೆಯ ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಸೇಂಗಾ ಹೋಳಿಗೆ, ಮಜ್ಜಿಗೆ—ಇವು ಆ ಬುತ್ತಿಯ ಪದಾರ್ಥಗಳು.

ಈ ಊಟದಲ್ಲಿ ಎಣ್ಣೆಕಾಳುಗಳು ಹೆಚ್ಚಾಗಿರುವುದು ಆಕಸ್ಮಿಕವಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಋತುವಿಗೆ ತಕ್ಕ ಆಹಾರವನ್ನು ಹೇಳುತ್ತ, ಹೇಮಂತದಲ್ಲಿ ಜಿಡ್ಡುಳ್ಳ ಬಿಸಿಯಾದ ಪದಾರ್ಥಗಳನ್ನು ವಿಧಿಸುತ್ತದೆ. ಅರಮನೆಯ ಆ ವಿಧಿಗೂ ಒಕ್ಕಲಿನ ಮನೆಯ ರೂಢಿಗೂ ಹೊಂದಿಕೆಯುಂಟು. ಆದರೂ ಬುತ್ತಿಯೆಲ್ಲವೂ ಪುರಾತನವೆಂದು ಭಾವಿಸಲಾಗದು. ಸೇಂಗಾ ಮತ್ತು ಮೆಣಸಿನಕಾಯಿಗಳು ಅಮೆರಿಕಾ ಖಂಡದ ಬೆಳೆಗಳು, ಪೋರ್ಚುಗೀಸರು ಬಂದ ಮೇಲೆ ನಮ್ಮವಾದುವು. ಪದಾರ್ಥಗಳು ಬದಲಾದರೂ ಹಬ್ಬದ ಕ್ರಮ ಉಳಿಯಿತೆಂಬುದೇ ಇಲ್ಲಿ ಗಮನಾರ್ಹ.

ಆ ಕ್ರಮವೆಂತಹುದು? ಹಬ್ಬ ಒಂದು ದಿನದ್ದು. ಮರುದಿನ ಮತ್ತೆ ಜೋಳದ ರೊಟ್ಟಿ, ಪಲ್ಯ, ಹಿಂಡಿ. ಉಣ್ಣುವವರು ದುಡಿಯುವವರು, ಮಾಡಿದುದನ್ನು ಹತ್ತು ಜನರೊಡನೆ ಹಂಚಿಕೊಳ್ಳುವವರು. ಮಿತಿಯು ಪ್ರತ್ಯೇಕ ನಿಯಮವಾಗಿರದೆ ಬಾಳಿನಲ್ಲಿಯೇ ಅಡಗಿದ್ದಿತು.

ಹೀಗೆಂದು ಹಳೆಯ ಬಡತನವನ್ನು ಸದ್ಗುಣವೆಂದು ಹೊಗಳುವುದು ನ್ಯಾಯವಲ್ಲ. 1876ರಲ್ಲಿ ಮಳೆ ಹೋಗಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶವು ಭೀಕರ ಕ್ಷಾಮಕ್ಕೆ ತುತ್ತಾಯಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು ಪರಿಹಾರದ ಕೆಲಸದಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆಗೆ ಇಳಿಸಲು ಹೊರಟಾಗ, ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಅವರು ಅದು ದೇಹಧಾರಣೆಗೆ ಸಾಲದೆಂದು ವಾದಿಸಿದರು. ತಾನಾಗಿ ಇಟ್ಟುಕೊಂಡ ಮಿತಿ ಬೇರೆ, ಹೊಟ್ಟೆಯ ಮೇಲೆ ಹೇರಿದ ಮಿತಿ ಬೇರೆ. ಇಂತಹ ನೆಲದಲ್ಲಿ ವರ್ಷಕ್ಕೊಮ್ಮೆ ಹೊಟ್ಟೆತುಂಬ ಹೋಳಿಗೆ ಉಂಡವರನ್ನು ಅತಿಯಾಸೆಯವರೆನ್ನಬಹುದೆ?

ಇಂದಿನ ನಗರವಾಸಿಗಳ ಸ್ಥಿತಿ ಬೇರೆ. ಹೋಳಿಗೆ ಅಂಗಡಿಯಲ್ಲಿ ದಿನವೂ ದೊರೆಯುತ್ತದೆ. ಹೊಲದ ನಡಿಗೆ ತಪ್ಪಿದೆ. ರೊಟ್ಟಿಯ ಸ್ಥಾನಕ್ಕೆ ನಯವಾದ ಅಕ್ಕಿ, ಮೈದಾಗಳು ಬಂದಿವೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದುದರಿಂದ ಜೋಳಸಜ್ಜೆಗಳ ಮಾನ ಹೆಚ್ಚಿತೇನೋ ನಿಜ. ಆದರೆ ಆಚರಣೆಯಿಂದಲೇ ಅಭ್ಯಾಸ ಬಾರದು. ಆದುದರಿಂದ ಹಬ್ಬದ ದಿನ ಎಲೆಯ ಮುಂದೆ ಅಂಜಿ ಕುಳಿತುಕೊಳ್ಳುವುದಕ್ಕಿಂತ, ಹಬ್ಬವಲ್ಲದ ದಿನಗಳನ್ನು ಸರಳವಾಗಿರಿಸುವುದು ಮೇಲು. ಎಳ್ಳಮಾವಾಸ್ಯೆಯಂದು ಹೋಳಿಗೆಯನ್ನು ಸಂತೋಷದಿಂದ ಉಣ್ಣೋಣ, ನೆರೆಯವರಿಗೂ ಬಡಿಸೋಣ, ಸಂಕ್ರಾಂತಿ ಬರುವವರೆಗೆ ರೊಟ್ಟಿಪಲ್ಯಗಳಿಗೆ ಮರಳೋಣ.